ಕಾಕಂಬಿಯಲ್ಲಿ ಮಿಂದ ಬುಲೆಟ್

2019ರ ಆಗಸ್ಟ್‌ನಲ್ಲಿ ಕೃಷ್ಣಾ ನದಿ ಜುಗೂಳದ ನಮ್ಮ ತೋಟದ ಮನೆಗೆ ನುಗ್ಗಿದಾಗ ಮೊದಲು ಎಮ್ಮೆಗಳನ್ನು ಹೊಡೆದುಕೊಂಡು ಹೋದೆವು. ಆಮೇಲೆ ಜೋಳದ ಚೀಲ, ಆಮೇಲೆ ಹಾಸಿಗೆ, ಕಾಗದಪತ್ರದ ಟ್ರಂಕು. ಕೊಟ್ಟಿಗೆಯ ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ಅಪ್ಪನ ಬುಲೆಟ್ ಕಣ್ಣಿಗೆ ಬೀಳಲಿಲ್ಲ ಎಂದರೆ ಸುಳ್ಳಾಗುತ್ತದೆ. ಎರಡೂ ಟೈರಿನ ಗಾಳಿ ಹೋಗಿ ವರ್ಷಗಳಾಗಿದ್ದವು. ಹತ್ತಿರ ಹತ್ತಿರ 165 ಕಿಲೋ ತೂಕದ ಗಾಡಿಯನ್ನು ಸೊಂಟಮಟ್ಟದ ನೀರಿನಲ್ಲಿ ತಳ್ಳಹೋದರೆ ಅದರ ಜತೆ ನಾನೂ ಹೋಗುವ ಮಾತು. ಬಿಟ್ಟು ಬಂದೆ.

ನೀರಿಳಿದ ಮೇಲೆ ನೋಡಿದರೆ ಅದು ನಿಂತಲ್ಲೇ ನಿಂತಿತ್ತು. ಪೆಟ್ರೋಲ್ ಟಾಕಿಯ ಮೇಲೆ ಬೆರಳು ದಪ್ಪ ರಾಡಿ, ಹ್ಯಾಂಡಲ್ಲಿಗೆ ಸುತ್ತಿಕೊಂಡ ಕಬ್ಬಿನ ರವದಿ, ಹೆಡ್‌ಲೈಟಿನ ಗಾಜಿನೊಳಗೆ ಅರ್ಧದವರೆಗೆ ಕೆಂಪು ನೀರು. ನೀರಮಟ್ಟ ನೋಡುವ ಗಾಜಿನ ಹಾಗೆ.

ನನ್ನ ಉದ್ಯೋಗ ಮೋಟಾರ್ ವೈಂಡಿಂಗ್. ಆ ವರ್ಷ ಕಾಗವಾಡ, ಅಥಣಿ, ರಾಯಬಾಗ, ಚಿಕ್ಕೋಡಿ ಕಡೆಯ ನದಿದಂಡೆಯ ಪಂಪ್‌ಸೆಟ್ಟುಗಳೆಲ್ಲ ನೀರು ಕುಡಿದು ಕೂತಿದ್ದವು. ಅಂಗಡಿಯ ಮುಂದೆ ಮೋಟಾರುಗಳ ಸಾಲು ರಸ್ತೆಯವರೆಗೆ ಬಂತು. ರೈತನ ಮೋಟಾರು ಬದಿಗಿಟ್ಟು ಸ್ವಂತ ಶೋಕಿಯ ಗಾಡಿ ಬಿಚ್ಚುವುದು ನಮ್ಮಲ್ಲಿ ನಡೆಯುವ ಕೆಲಸವಲ್ಲ. ಹೀಗಾಗಿ ಬುಲೆಟ್ ಇನ್ನೂ ಏಳೆಂಟು ತಿಂಗಳು ಕಾಯಿತು. ಅದೇ ಮೊದಲ ತಪ್ಪು. ಮುಳುಗಿದ ಎಂಜಿನ್ನಿಗೆ ನೀರಿನಿಂದ ಆಗುವ ಕೇಡಿಗಿಂತ ನೀರು ಹೋದ ಮೇಲೆ ಗಾಳಿಯಿಂದ ಆಗುವ ಕೇಡು ದೊಡ್ಡದು. ನೀರಿಳಿದ ದಿನವೇ ಪ್ಲಗ್ ಬಿಚ್ಚಿ, ಒಳಗಿನ ಎಣ್ಣೆ ಹೊರಗೆ ಬಿಟ್ಟು, ಸಿಲಿಂಡರಿಗೆ ಡೀಸೆಲ್ಲೂ ಎಂಜಿನ್ ಆಯಿಲ್ಲೂ ಬೆರೆಸಿ ತುಂಬಿಟ್ಟಿದ್ದರೆ ಅರ್ಧ ಖರ್ಚು ಉಳಿಯುತ್ತಿತ್ತು. ಹತ್ತು ನಿಮಿಷದ ಕೆಲಸ. ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಮೋಟಾರಿನ ಬಗ್ಗೆ ಇದೇ ಬುದ್ಧಿವಾದ ಹೇಳುತ್ತಿದ್ದವನು ನಾನು.

ಗಾಡಿ 1974ರದು. ಅಪ್ಪ ಅದನ್ನು ನಿಪ್ಪಾಣಿಯ ತಂಬಾಕು ವ್ಯಾಪಾರಿಯೊಬ್ಬರಿಂದ ಎರಡನೇ ಕೈಯಾಗಿ ಕೊಂಡದ್ದು. ಬುಲೆಟ್ಟಿನ ಕಥೆ ಗೊತ್ತಿಲ್ಲದವರಿಗೆ ಎರಡು ಮಾತು: 1950ರ ದಶಕದ ಮೊದಲರ್ಧದಲ್ಲಿ ಭಾರತ ಸರ್ಕಾರ ಗಡಿ ಕಾಯುವವರಿಗಾಗಿ 350 ಸಿಸಿಯ ನೂರಾರು ಬುಲೆಟ್‌ಗಳಿಗೆ ಇಂಗ್ಲೆಂಡಿನ ರಾಯಲ್ ಎನ್‌ಫೀಲ್ಡ್ ಕಂಪನಿಗೆ ಆರ್ಡರ್ ಕೊಟ್ಟಿತು. 1955ರಲ್ಲಿ ಮದ್ರಾಸ್ ಮೋಟಾರ್ಸ್ ಜತೆ ಸೇರಿ ಎನ್‌ಫೀಲ್ಡ್ ಇಂಡಿಯಾ ಹುಟ್ಟಿತು, ಮದ್ರಾಸಿನ ತಿರುವೊಟ್ಟಿಯೂರಿನಲ್ಲಿ ಕಾರ್ಖಾನೆ ಎದ್ದಿತು. ಮೊದಮೊದಲು ಇಂಗ್ಲೆಂಡಿನಿಂದ ಬಂದ ಬಿಡಿಭಾಗ ಜೋಡಿಸುತ್ತಿದ್ದವರು ನಂತರ ಎಲ್ಲವನ್ನೂ ಇಲ್ಲೇ ಮಾಡತೊಡಗಿದರು. ಇಂಗ್ಲೆಂಡಿನ ಮೂಲ ಕಂಪನಿ 1970ರ ಸುಮಾರಿಗೆ ಬಾಗಿಲು ಹಾಕಿತು, ಇಲ್ಲಿಯದು ಉಳಿಯಿತು. ಬೀಡಿನ ಸಿಲಿಂಡರಿನ ಆ ಹಳೆಯ ಎಂಜಿನ್ನು ಮೂಲ ರೂಪ ಹೆಚ್ಚು ಬದಲಾಗದೆ ಅರ್ಧ ಶತಮಾನಕ್ಕೂ ಮೇಲೆ ತಯಾರಾಯಿತು. ನನ್ನಂಥವನು ಮನೆಯಲ್ಲಿ ಕೂತು ಅದನ್ನು ಬಿಚ್ಚುವ ಧೈರ್ಯ ಮಾಡಲು ಕಾರಣ ಇಷ್ಟೇ: ಅದರ ಸಾಮಾನು ಇವತ್ತಿಗೂ ಕೊಲ್ಹಾಪುರ, ಸಾಂಗಲಿ, ಬೆಳಗಾವಿಗಳಲ್ಲಿ ಸಿಗುತ್ತದೆ. ಕನ್ನಡಿಗರ ಸ್ವಂತದ್ದು ಎನ್ನಬಹುದಾದ ಗಾಡಿ ಮೈಸೂರಿನ ಐಡಿಯಲ್ ಜಾವಾ. 1961ರಿಂದ 1996ರವರೆಗೆ ಜಾವಾ, ಯೆಜ್ಡಿ ಅಲ್ಲಿ ತಯಾರಾದವು. ಅದರ ಅಭಿಮಾನಿಗಳು ಮುನಿಸಿಕೊಳ್ಳಬಾರದು. ನಮ್ಮ ಮನೆಯಲ್ಲಿದ್ದದ್ದು ಬುಲೆಟ್, ನಾನೇನು ಮಾಡಲಿ.

ಎಂಜಿನ್ನಿನ ಲೆಕ್ಕ ಸರಳ. ಒಂದೇ ಸಿಲಿಂಡರು, ಅಗಲ 70 ಮಿಲಿಮೀಟರ್, ಪಿಸ್ಟನ್ ಓಡಾಡುವ ಉದ್ದ 90 ಮಿಲಿಮೀಟರ್, ಒಟ್ಟು 346 ಸಿಸಿ. ಅಗಲಕ್ಕಿಂತ ಉದ್ದ ಹೆಚ್ಚು, ಒಳಗೆ ಬೀಸುಕಲ್ಲಿನಂಥ ಭಾರದ ಫ್ಲೈವೀಲು. ಆದ್ದರಿಂದಲೇ ಅದು ಅವಸರ ಮಾಡುವುದಿಲ್ಲ, ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳುತ್ತದೆ. ಗೇರು ಬಲಗಾಲಿಗೆ, ಬ್ರೇಕು ಎಡಗಾಲಿಗೆ. ಇವತ್ತಿನ ಹುಡುಗರನ್ನು ಕೂರಿಸಿದರೆ ಬ್ರೇಕ್ ಎಂದುಕೊಂಡು ಗೇರು ಒತ್ತುತ್ತಾರೆ.

2020ರ ಲಾಕ್‌ಡೌನ್‌ನಲ್ಲಿ ಅಂಗಡಿ ಮುಚ್ಚಿತು, ಕೈ ಖಾಲಿಯಾಯಿತು. ಕುಡಚಿ ಕಡೆಯ ಒಬ್ಬ ವಯಸ್ಸಾದ ಮಿಸ್ತ್ರಿಗೆ ಫೋನ್ ಹಚ್ಚಿದೆ. ಅಪ್ಪನ ಕಾಲದಿಂದ ಈ ಗಾಡಿಯ ನಾಡಿ ಬಲ್ಲವರು. ನಾವೆಲ್ಲ ಉಸ್ತಾದ್ ಎನ್ನುತ್ತೇವೆ.

“ಉಸ್ತಾದ್ರ, ಬುಲೆಟ್ ಬಿಚ್ಚಾಂವ ಇದೀನ್ರಿ.”

“ಬಿಚ್ಚು ತಮ್ಮಾ. ಆದ್ರ ಮ್ಯಾಲಿಂದ ಹೊಳಪು ಮಾಡಾಕ ಹೋಗಬ್ಯಾಡ. ಮೊದಲ ಒಳಗಿನ ರಾಡಿ ತಗಿ. ಎಲ್ಲೆಲ್ಲಿ ಎಣ್ಣಿ ಹೋಗತೈತಿ, ಅಲ್ಲೆಲ್ಲಾ ರಾಡೀನೂ ಹೋಗಿರತೈತಿ.”

ಈ ಮಾತನ್ನು ಕೇಳಿಯೂ ಕೇಳದವನಂತೆ ನಡೆದುಕೊಂಡೆ. ಅದರ ದಂಡ ಮುಂದೆ ಹೇಳುತ್ತೇನೆ.

ಮೊದಲ ತೊಡಕು ಪಾನಾದ್ದು. ನನ್ನ ಪೆಟ್ಟಿಗೆಯಲ್ಲಿದ್ದವೆಲ್ಲ ಮಿಲಿಮೀಟರಿನವು. ಆ ಕಾಲದ ಬುಲೆಟ್ಟಿನ ಹಲವು ಬೋಲ್ಟುಗಳು ಇಂಗ್ಲಿಷರ ಇಂಚಿನ ಅಳತೆಯವು. ಸುಮಾರಾಗಿ ಕೂಡುವ ಪಾನಾ ಹಾಕಿ ತಿರುವಿದರೆ ಬೋಲ್ಟಿನ ಮೂಲೆ ಸವೆದು ಗುಂಡಗಾಗುತ್ತದೆ, ಆಮೇಲೆ ಉಳಿ ಹಚ್ಚಬೇಕು. ಎರಡು ಬೋಲ್ಟು ಗುಂಡಗೆ ಮಾಡಿದ ಮೇಲೆ ಮಿರಜಿನ ಹಳೆ ಸಾಮಾನಿನ ಅಂಗಡಿಯಿಂದ ಇಂಚಿನ ಪಾನಾದ ಸೆಟ್ಟು ತಂದೆ. ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತ್ತು. ಡೀಸೆಲ್ಲು, ಆಯಿಲ್ಲು ಸುರಿದು ಬಿಟ್ಟು, ದಿನಾ ಸಂಜೆ ಕಟ್ಟಿಗೆಯ ತುಂಡಿಟ್ಟು ಮೆಲ್ಲಗೆ ತಟ್ಟುತ್ತಿದ್ದೆ. ಒಂಬತ್ತನೆಯ ದಿನ ಕೂದಲೆಳೆಯಷ್ಟು ಕದಲಿತು. ಆ ದಿನ ಮನೆಯಲ್ಲಿ ಎಲ್ಲರಿಗೂ ಹೇಳಿಕೊಂಡು ಬಂದೆ. ಯಾರಿಗೂ ಅದರಲ್ಲಿ ಹೇಳಿಕೊಳ್ಳುವಂಥದ್ದು ಏನಿದೆ ಎಂದು ತಿಳಿಯಲಿಲ್ಲ.

ಇನ್ನು ತುಕ್ಕು. ರಿಮ್ಮು, ಸ್ಟ್ಯಾಂಡು, ಚೈನ್ ಕವರು, ಮಡ್‌ಗಾರ್ಡಿನ ಕಡ್ಡಿ ಎಲ್ಲಕ್ಕೂ ಕೆಂಪು ಹುರುಪು. ಉಜ್ಜುಕಾಗದದಿಂದ ತಿಕ್ಕಿದರೆ ತುಕ್ಕಿನ ಜತೆ ಕಬ್ಬಿಣವೂ ಹೋಗುತ್ತದೆ; ಆಸಿಡ್ ಹಾಕಿದರೆ ಒಳ್ಳೆಯ ಲೋಹವನ್ನೂ ತಿನ್ನುತ್ತದೆ. ಉಸ್ತಾದರು ಹೇಳಿಕೊಟ್ಟದ್ದು ಕಾಕಂಬಿ. ಕಬ್ಬಿನ ಸೀಮೆಯವರಿಗೆ ಬೇರೆ ವಿವರ ಬೇಡ. ಉಳಿದವರಿಗೆ ಹೇಳುವುದಾದರೆ ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಜಿಗುಟು ಪಾಕ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ, ಪ್ಲಾಸ್ಟಿಕ್ ಡ್ರಮ್ಮಿನಲ್ಲಿ ಕಬ್ಬಿಣದ ಭಾಗಗಳನ್ನು ಮುಳುಗಿಸಿ, ಎರಡು ಮೂರು ವಾರ ಮರೆತುಬಿಡಬೇಕು. ಕಾಕಂಬಿಯೊಳಗಿನ ಕೆಲವು ವಸ್ತುಗಳು ತುಕ್ಕಿನಲ್ಲಿರುವ ಕಬ್ಬಿಣದ ಅಂಶವನ್ನು ಏಡಿ ಕೊಂಡಿಯಲ್ಲಿ ಹಿಡಿದಂತೆ ಹಿಡಿದು ನೀರಿಗೆ ಎಳೆದುಕೊಳ್ಳುತ್ತವೆ. ಗಟ್ಟಿ ಕಬ್ಬಿಣದ ಗೊಡವೆಗೆ ಹೆಚ್ಚು ಹೋಗುವುದಿಲ್ಲ. ಬೇರೆ ದೇಶಗಳ ಹಳೆ ಗಾಡಿಯ ಹುಚ್ಚರೂ ಇದೇ ಉಪಾಯ ಮಾಡುತ್ತಾರಂತೆ. ಅವರು ಡಬ್ಬಿಯಲ್ಲಿ ಕೊಂಡು ತರಬೇಕು, ನಮ್ಮಲ್ಲಿ ಅದು ಊರಿನ ವಾಸನೆಯೇ. ಅಲ್ಯುಮಿನಿಯಂ ಭಾಗ ಮಾತ್ರ ಮರೆತೂ ಹಾಕಬಾರದು, ಅದನ್ನು ಕಾಕಂಬಿ ತಿನ್ನುತ್ತದೆ.

ವಾರ ಕಳೆಯುವಷ್ಟರಲ್ಲಿ ಡ್ರಮ್ಮು ಹುಳಿತು ನೊರೆ ಬಂತು. ನೊಣ, ಇರುವೆ, ಓಣಿಯ ನಾಯಿ, ಎಲ್ಲರೂ ಹಾಜರು. ಮನೆಯವಳು ಬಾಗಿಲಲ್ಲಿ ನಿಂತು, “ಹೊಲದಾಗ ಕಬ್ಬು ನೀರಿಲ್ದ ಒಣಗಾಕತ್ತೈತಿ, ನೀವು ಕಬ್ಬಿಣಕ್ಕ ಬೆಲ್ಲ ಉಣಸಾಕತ್ತೀರಿ,” ಅಂದಳು. ಇಪ್ಪತ್ತನೆಯ ದಿನ ರಿಮ್ಮು ಎತ್ತಿ ನೀರು ಹೊಡೆದರೆ ಬೂದುಬಣ್ಣದ ಶುದ್ಧ ಕಬ್ಬಿಣ. ಒರೆಸಿ ಒಣಗಿಸಿ ತಕ್ಷಣ ಎಣ್ಣೆ ಸವರಬೇಕು. ಊಟಕ್ಕೆ ಹೋಗಿ ಬರುವುದರೊಳಗೆ ಮತ್ತೆ ಕೆಂಪಡರುತ್ತದೆ.

ಈ ಗೆಲುವು ತಲೆಗೇರಿತು. ಬಣ್ಣಕ್ಕೆ ಓಡಿದೆ. ಲಾರಿಗಳಿಗೆ ಬೋರ್ಡು ಬರೆಯುವ ಪೇಂಟರ್ ಒಬ್ಬರು ಟಾಕಿಯ ಅಂಚಿಗೆ ಬಂಗಾರದ ಗೆರೆ ಎಳೆದರು, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ. ಅಥಣಿಯಲ್ಲಿ ಚಪ್ಪಲಿ ಹೊಲಿಯುವವರೊಬ್ಬರಿಂದ ಸೀಟಿಗೆ ಚರ್ಮ ಹೊಲಿಸಿದೆ. ಎಂಜಿನ್ನಿಗೆ ಮಾತ್ರ ಬೋರು ಮಾಡಿಸಿ, ಹೊಸ ಪಿಸ್ಟನ್ನು, ರಿಂಗು ಹಾಕಿ, ಕೆಳಗಿನ ಕೇಸು ಒಡೆಯದೆ ಎರಡು ಸಲ ಡೀಸೆಲ್ಲಿನಲ್ಲಿ ತೊಳೆದು ಮುಚ್ಚಿಬಿಟ್ಟೆ. ಗಾಡಿ ಚಾಲೂ ಆಯಿತು. ಶೇಡಬಾಳ, ಉಗಾರ ಸುತ್ತಿ ಬಂದೆ. ಎರಡನೆಯ ವಾರ ಅರವತ್ತು ಕಿಲೋಮೀಟರ್ ದಾಟುವುದರೊಳಗೆ ಹೊಟ್ಟೆಯೊಳಗಿಂದ ಕಟಕಟ ಸದ್ದು.

ಹಳೆ ಬುಲೆಟ್ಟಿನಲ್ಲಿ ಪಿಸ್ಟನ್ನಿನ ತೋಳು ಕ್ರ್ಯಾಂಕಿಗೆ ಕೂಡುವಲ್ಲಿ ಇರುವುದು ಗುಂಡಿನ ಬೇರಿಂಗಲ್ಲ, ತೇಲುವ ಬುಷ್. ಉಕ್ಕಿನ ಬಳೆಗೆ ಮೆತ್ತನೆಯ ಬಿಳಿ ಲೋಹ ಬಳಿದಿರುತ್ತಾರೆ. ಅದು ಎಣ್ಣೆಯ ಪದರದ ಮೇಲೆ ತೇಲುತ್ತ ತಿರುಗುತ್ತದೆ. ಪಂಪಿನಿಂದ ಹೊರಟ ಎಣ್ಣೆ ಫೆಲ್ಟ್ ಫಿಲ್ಟರ್ ದಾಟಿ, ಕ್ರ್ಯಾಂಕಿನ ತುದಿಯಿಂದ ಒಳಹೊಕ್ಕು, ಫ್ಲೈವೀಲಿನಲ್ಲಿ ಕೊರೆದ ಸಣ್ಣ ದಾರಿಯಿಂದ ಅಲ್ಲಿಗೆ ಮುಟ್ಟಬೇಕು. ಕೇಸು ಒಡೆದು ನೋಡಿದಾಗ ಆ ದಾರಿಯಲ್ಲಿ ಕೃಷ್ಣೆ ಕೂತಿದ್ದಳು. ಮುಖಕ್ಕೆ ಹಚ್ಚುವ ಪೌಡರಿನಷ್ಟು ನುಣುಪಾದ ರೇವೆ, ಗಟ್ಟಿಯಾಗಿ ಮೆತ್ತಿಕೊಂಡು. ನಾನು ತೊಳೆದ ಡೀಸೆಲ್ಲು ಅದನ್ನು ಮೆದು ಮಾಡಿ ಬುಷ್‌ಗೆ ಕಳಿಸಿತ್ತು, ಅಷ್ಟೆ. ತೊಳೆಯದಿದ್ದರೆ ಇನ್ನೂ ನಾಲ್ಕು ದಿನ ಬಾಳುತ್ತಿತ್ತೇನೋ.

ಉಸ್ತಾದರು ಬೈಯಲಿಲ್ಲ. “ಬಣ್ಣ ಚಲೋ ಬಂದೈತಿ,” ಅಂದರು. ಅದು ಬೈಗುಳಕ್ಕಿಂತ ಆಳಕ್ಕೆ ಇಳಿಯಿತು.

ಕ್ರ್ಯಾಂಕನ್ನು ಕೊಲ್ಹಾಪುರದ ಉದ್ಯಮನಗರಕ್ಕೆ ಒಯ್ದೆ. ಈ ಸೀಮೆಯ ಕೈಗಳಿಗೆ ಕಬ್ಬಿಣ ಹೊಸದಲ್ಲ. ಗುರ್ಲಹೊಸೂರಿನಲ್ಲಿ ಹುಟ್ಟಿದ ಲಕ್ಷ್ಮಣರಾವ್ ಕಿರ್ಲೋಸ್ಕರರು 1888ರಲ್ಲಿ ಬೆಳಗಾವಿಯಲ್ಲಿ ಇಟ್ಟದ್ದು ಸೈಕಲ್ ಅಂಗಡಿ; ಅಲ್ಲಿಂದ ನೇಗಿಲಿಗೆ, 1910ರಲ್ಲಿ ಕಿರ್ಲೋಸ್ಕರವಾಡಿಗೆ, ಮುಂದೆ ನಾನು ದಿನಾ ಬಿಚ್ಚುವ ಪಂಪು ಮೋಟಾರುಗಳಿಗೆ ಆ ದಾರಿ ಬಂದಿದೆ. ಉದ್ಯಮನಗರದ ಲೇತಿನವರು ಕ್ರ್ಯಾಂಕ್ ಒತ್ತಿ ಬಿಡಿಸಿ, ಹೊಸ ತೋಳು, ಪಿನ್ನು, ಬುಷ್ ಹಾಕಿ, ಎರಡು ಮೊನೆಗಳ ನಡುವೆ ನಿಲ್ಲಿಸಿ ತಿರುವುತ್ತ, ತಾಮ್ರದ ಸುತ್ತಿಗೆಯಿಂದ ತಟ್ಟುತ್ತ ಸೆಂಟರ್ ಮಾಡಿದರು. ಡಯಲ್ಲಿನ ಮುಳ್ಳು ಅಲ್ಲಾಡುವುದು ನಿಲ್ಲುವ ತನಕ. ಈ ಕೆಲಸ ಮನೆಯಲ್ಲಿ ಆಗುವುದಿಲ್ಲ, ಮಾಡಲೂ ಬಾರದು. ಬೋರು, ಕ್ರ್ಯಾಂಕು, ವಾಲ್ವಿನ ಸೀಟು ಇವು ಮೂರು ಲೇತಿನವರದು; ಉಳಿದದ್ದು ನಿಮ್ಮದು.

ಎಂಜಿನ್ನು ಇನ್ನೂ ತುಂಡು ತುಂಡಾಗಿ ಇದ್ದಾಗಲೇ 2021ರ ಜುಲೈ ಬಂತು, ಮತ್ತೆ ನದಿ ಏರಿತು. ಈ ಸಲ ಎಮ್ಮೆಯ ಹಿಂದೆಯೇ ಎಂಜಿನ್ನಿನ ಬುಟ್ಟಿಗಳು ಟ್ರ್ಯಾಕ್ಟರ್ ಏರಿದವು. ಬಿಡಿಬಿಡಿಯಾಗಿದ್ದದ್ದೇ ಉಪಕಾರವಾಯಿತು.

ಜೋಡಿಸುವುದು ಬಿಚ್ಚಿದ್ದಕ್ಕಿಂತ ನಿಧಾನ. ಪ್ರತಿ ಎಣ್ಣೆದಾರಿಗೂ ಪಿಚಕಾರಿಯಿಂದ ಪೆಟ್ರೋಲ್ ಹೊಡೆದು, ಇನ್ನೊಂದು ತುದಿಯಲ್ಲಿ ಬಿಳಿ ಬಟ್ಟೆ ಹಿಡಿದು, ಬಟ್ಟೆ ಬಿಳಿಯಾಗಿಯೇ ಉಳಿಯುವವರೆಗೆ ಬಿಡಲಿಲ್ಲ. ಮುಚ್ಚಿದ ಮೇಲೂ ರಾಕರಿಗೆ ಹೋಗುವ ಸಣ್ಣ ಪೈಪಿನ ಬೋಲ್ಟು ಸಡಿಲಿಸಿ, ಅಲ್ಲಿ ಎಣ್ಣೆ ಜಿನುಗುವುದನ್ನು ಕಣ್ಣಾರೆ ಕಂಡ ಮೇಲೆಯೇ ನಂಬಿದ್ದು.

ಇನ್ನು ಟ್ಯೂನಿಂಗ್. ಇದೊಂದು ಮಂತ್ರವಿದ್ಯೆ ಎಂದು ಜನ ತಿಳಿದಿದ್ದಾರೆ. ಮೂರು ಪ್ರಶ್ನೆ, ಅಷ್ಟೇ: ವಾಲ್ವು ಸರಿಯಾಗಿ ಮುಚ್ಚುತ್ತದೆಯೇ, ಕಿಡಿ ಸರಿಯಾದ ಗಳಿಗೆಗೆ ಹಾರುತ್ತದೆಯೇ, ಗಾಳಿಗೂ ಪೆಟ್ರೋಲಿಗೂ ಹೊಂದಿಕೆ ಇದೆಯೇ. ಇದೇ ಕ್ರಮದಲ್ಲಿ ನೋಡಬೇಕು. ಕಾರ್ಬುರೇಟರಿನಿಂದ ಶುರು ಮಾಡುವವನು ಜ್ವರಕ್ಕೆ ಬಟ್ಟೆ ಬದಲಿಸುವ ವೈದ್ಯ.

ಟ್ಯಾಪೆಟ್ಟು ತಣ್ಣಗಿನ ಎಂಜಿನ್ನಿನಲ್ಲಿ ಹೊಂದಿಸಬೇಕು. ಪುಶ್‌ರಾಡನ್ನು ಬೆರಳಲ್ಲಿ ತಿರುವಿದರೆ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಅಲ್ಲಾಡಬಾರದು. ಸಂದು ಸೊನ್ನೆ. ಬಿಸಿಯಾದ ಮೇಲೆ ಸಿಲಿಂಡರು ಹಿಗ್ಗಿ ಬೇಕಾದಷ್ಟು ಸಂದನ್ನು ತಾನೇ ಕೊಡುತ್ತದೆ.

ಕಿಡಿಯ ಕೆಲಸ ನಾಜೂಕು. ಸಿಲಿಂಡರಿನ ಹಿಂದಿರುವ ಡಿಸ್ಟ್ರಿಬ್ಯೂಟರಿನಲ್ಲಿ ಎರಡು ಪಾಯಿಂಟುಗಳು. ಅವು ಬೇರ್ಪಟ್ಟ ಕ್ಷಣ ಕಿಡಿ. ಪೂರ್ತಿ ತೆರೆದಾಗಿನ ಸಂದು 15 ಥೌ, ಎಂದರೆ 0.38 ಮಿಲಿಮೀಟರ್. ಪಿಸ್ಟನ್ ತುತ್ತತುದಿ ಮುಟ್ಟಲು 0.8 ಮಿಲಿಮೀಟರ್ ಇರುವಾಗ ಪಾಯಿಂಟು ಬಿಡಬೇಕು. ನಾನು ಹೆಡ್ ಹಾಕುವ ಮೊದಲೇ ಪಿಸ್ಟನ್ನಿನ ನೆತ್ತಿಯ ಮೇಲೆ ಅಳೆದುಕೊಂಡೆ. ಪಾಯಿಂಟು ಬಿಡುವ ಗಳಿಗೆ ಹಿಡಿಯಲು ಹಳೆಯ ಉಪಾಯ ಸಿಗರೇಟಿನ ಕಾಗದ: ಪಾಯಿಂಟುಗಳ ನಡುವೆ ಸಿಕ್ಕಿಸಿ ಮೆಲ್ಲಗೆ ಎಳೆಯುತ್ತ ಡಿಸ್ಟ್ರಿಬ್ಯೂಟರ್ ತಿರುವಬೇಕು, ಕಾಗದ ಜಾರಿದ ಜಾಗದಲ್ಲಿ ಬೋಲ್ಟು ಬಿಗಿಯಬೇಕು. ಬೀಡಿಯ ನಾಡಿನಲ್ಲಿ ಇದೂ ಒಂದು ಪೇಚು. ನಿಪ್ಪಾಣಿಯ ತಂಬಾಕು ಸುತ್ತುವುದು ಎಲೆಯಲ್ಲಿ, ಕಾಗದದಲ್ಲಲ್ಲ. ನಮ್ಮೂರ ಪಾನಂಗಡಿಯಲ್ಲಿ ಒಂದೇ ಒಂದು ಸಿಗರೇಟ್ ಕೊಂಡಾಗ ಅಂಗಡಿಯವ, “ಏನ್ರಿ, ಈ ವಯಸ್ನಾಗ ಹೊಸ ಚಟ?” ಎಂದು ಕೇಳಿದ.

ಒಮ್ಮೆ ಬೋಲ್ಟು ಬಿಗಿಯುವಾಗ ಡಿಸ್ಟ್ರಿಬ್ಯೂಟರ್ ತುಸು ಸರಿದದ್ದು ಗಮನಿಸಲಿಲ್ಲ. ಕಿಡಿ ಬೇಗ ಹಾರಿತು, ಕಿಕ್ಕು ತಿರುಗಿ ಒದೆಯಿತು. ಕಾಲಲ್ಲಿದ್ದದ್ದು ಅಥಣಿ ಚಪ್ಪಲಿ. ಜಗತ್ತಿನಲ್ಲಿ ಅದರಷ್ಟು ಒಳ್ಳೆಯ ಚಪ್ಪಲಿ ಇಲ್ಲ, ಬುಲೆಟ್ ಒದೆಯುವುದೊಂದನ್ನು ಬಿಟ್ಟು. ಹದಿನೈದು ದಿನ ಕುಂಟಿದೆ.

ಒದೆಯುವುದಕ್ಕೂ ಒಂದು ಶಿಸ್ತಿದೆ. ಚಾವಿ ತಿರುವಿ ಕಿಕ್ಕನ್ನು ಕಾಲಿಂದ ಮೆಲ್ಲಗೆ ಒತ್ತುತ್ತ ಆಂಪಿಯರ್ ಮೀಟರಿನ ಮುಳ್ಳು ನೋಡಬೇಕು. ಪಾಯಿಂಟು ಕೂಡಿದ್ದಾಗ ಅದು ಎಡಕ್ಕೆ ವಾಲಿರುತ್ತದೆ, ಬಿಟ್ಟಾಗ ನಡುವಿಗೆ ಬರುತ್ತದೆ. ನಡುವಿಗೆ ಬಂತೋ, ಪಿಸ್ಟನ್ ನೆತ್ತಿಗೆ ಬಂದಿದೆ. ಅಲ್ಲಿ ಡಿಕಂಪ್ರೆಸರ್ ಹಿಡಿದು ಒಳಗಿನ ಒತ್ತಡ ಬಿಟ್ಟು, ಕಿಕ್ಕನ್ನು ಒಂದಿಷ್ಟು ದಾಟಿಸಿ, ಡಿಕಂಪ್ರೆಸರ್ ಬಿಟ್ಟು, ಕಿಕ್ಕನ್ನು ಮೇಲೆ ಬರಗೊಟ್ಟು, ಆಮೇಲೆ ಒಂದೇ ತುಂಬು ಒದೆತ. ಅಪ್ಪ ಮುಳ್ಳು ನೋಡುತ್ತಲೇ ಇರಲಿಲ್ಲ. ಅವನ ಪಾದಕ್ಕೆ ತಿಳಿಯುತ್ತಿತ್ತು.

ಕೊನೆಯದು ಕಾರ್ಬುರೇಟರು. ಗಾಳಿಯ ಸ್ಕ್ರೂವನ್ನು ಪೂರ್ತಿ ಒಳಗೆ ತಿರುವಿ ಒಂದೂವರೆ ಸುತ್ತು ಬಿಚ್ಚಿ, ಎಂಜಿನ್ನು ಬಿಸಿಯಾದ ಮೇಲೆ ಅತ್ತಿತ್ತ ಕಾಲುಸುತ್ತು ಆಡಿಸುತ್ತ ಕೇಳುವುದು. ಇಲ್ಲಿ ಅಳತೆಗೋಲು ಮುಗಿದು ಕಿವಿ ಶುರುವಾಗುತ್ತದೆ. ಸಾಮಾನಿಗೆಂದು ಮಿರಜಿಗೆ ಹೋದಾಗ ತಂಬೂರಿ, ಸಿತಾರ್ ಮಾಡುವವರ ಓಣಿಯಲ್ಲಿ ನಿಂತು ನೋಡಿದ್ದೇನೆ. ಕುದುರೆಯ ಮೇಲೆ ತಂತಿ ಕೂರುವ ಜಾಗವನ್ನು ಅರದಿಂದ ಒಂದು ಸಲ ಉಜ್ಜುವುದು, ಮೀಟುವುದು, ಮತ್ತೆ ಉಜ್ಜುವುದು. ಜವಾರಿ ತೆಗೆಯುವುದು ಎನ್ನುತ್ತಾರೆ. ಎಷ್ಟು ಉಜ್ಜಬೇಕೆಂದು ಕೇಳಿದೆ. ಆತ ನನ್ನ ಮುಖ ನೋಡಿ ಮತ್ತೊಮ್ಮೆ ಮೀಟಿದ. ಉತ್ತರ ಅದೇ. ಕಿವಿಯ ತೀರ್ಪಿಗೆ ಸಾಕ್ಷಿ ಬೇಕಾದರೆ ಪ್ಲಗ್ ಬಿಚ್ಚಿ ನೋಡಿ: ಮಸಿಗಪ್ಪಾದರೆ ಪೆಟ್ರೋಲ್ ಹೆಚ್ಚು, ಸುಣ್ಣದ ಬಿಳುಪಾದರೆ ಕಡಿಮೆ, ಬಿಸ್ಕತ್ತಿನ ಬಣ್ಣವಾದರೆ ಸರಿ.

ನನ್ನ ಪ್ಲಗ್ಗು ಈಚೆಗೆ ಬಿಳುಪಾಗತೊಡಗಿತು. ಕಾರಣ ಮತ್ತೆ ಕಬ್ಬೇ. ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥೆನಾಲ್ ಬೆರೆಸುವ ಗುರಿ ಮೊದಲು 2030ಕ್ಕೆ ಇತ್ತು, 2025ಕ್ಕೇ ಮುಟ್ಟಿದೆವು. ಆ ಎಥೆನಾಲಿನ ಒಂದು ಮೂಲ ನಮ್ಮ ಕಬ್ಬು, ನಮ್ಮ ಕಾಕಂಬಿ. ಕಬ್ಬು ಬೆಳೆಯುವವನಾಗಿ ನನಗೆ ಅದು ಬೇಕು. ಬುಲೆಟ್ ಇಟ್ಟವನಾಗಿ ಬೇಡ. ಎಥೆನಾಲಿನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಮೂರನೇ ಒಂದು ಪಾಲಿನಷ್ಟು ಶಕ್ತಿ ಕಡಿಮೆ, ಜತೆಗೆ ಅದರೊಳಗೇ ಆಮ್ಲಜನಕ ಇರುವುದರಿಂದ ಹಳೆಯ ಜೆಟ್ಟಿನ ಅಳತೆಗೆ ಮಿಶ್ರಣ ತೆಳುವಾಗುತ್ತದೆ. ಹಳೆ ಕಾಲದ ರಬ್ಬರು ಅದರಲ್ಲಿ ಊದಿ ಮೆತ್ತಗಾಗುತ್ತದೆ. ಎಥೆನಾಲ್ ತೇವ ಹೀರಿಕೊಳ್ಳುತ್ತದೆ; ಹೆಚ್ಚು ದಿನ ನಿಂತರೆ ನೀರಿನೊಡನೆ ಬೇರ್ಪಟ್ಟು ಟಾಕಿಯ ತಳ ಸೇರಿ ತುಕ್ಕು ಹಿಡಿಸುತ್ತದೆ. ಕಾರ್ಬುರೇಟರಿನ ಸೂಜಿಯ ಕ್ಲಿಪ್ಪನ್ನು ಒಂದು ಗೀರು ಕೆಳಗಿಳಿಸಿದೆ. ಸೂಜಿ ಮೇಲೇರಿ ಪೆಟ್ರೋಲ್ ತುಸು ಹೆಚ್ಚು ಬರುತ್ತದೆ. ಪೈಪು, ವಾಷರು ಹೊಸ ಬಗೆಯವು ಹಾಕಿದೆ. ತುಕ್ಕು ತೆಗೆದದ್ದೂ ಕಬ್ಬು, ತುಕ್ಕು ತರುವುದೂ ಕಬ್ಬು. ಯಾರ ಮೇಲೆ ದೂರು ಕೊಡುವುದು?

ಗಾಡಿಗೆ ಐವತ್ತು ತುಂಬಿದ ಮೇಲೆ ಗೆಳೆಯರು ವಿಂಟೇಜ್ ನಂಬರು ಮಾಡಿಸು ಎಂದರು. 2021ರ ಕೇಂದ್ರ ನಿಯಮದ ಪ್ರಕಾರ ಮೂಲರೂಪ ಕೆಡಿಸದ, ಐವತ್ತು ವರ್ಷ ದಾಟಿದ ಗಾಡಿಗೆ ನಂಬರಿನ ನಡುವೆ ‘ವಿಎ’ ಅಕ್ಷರವಿರುವ ಬೇರೆ ನೋಂದಣಿ ಸಿಗುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಹತ್ತು ವರ್ಷ ಊರ್ಜಿತ. ಆದರೆ ಅಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ರಿಪೇರಿ, ಪೆಟ್ರೋಲ್ ತುಂಬಿಸುವುದು ಇಂಥ ಕೆಲಸಕ್ಕೆ ಮಾತ್ರ ರಸ್ತೆಗಿಳಿಸಬೇಕು. ನನಗೆ ಇದರ ಮೇಲೆ ಮೋಟಾರಿನ ತಾಮ್ರದ ತಂತಿ ತರಬೇಕು, ರಾಯಬಾಗದ ಮದುವೆಗೆ ಹೋಗಬೇಕು. ಐದು ವರ್ಷಕ್ಕೊಮ್ಮೆ ಹಳೆ ನಂಬರನ್ನೇ ನವೀಕರಿಸಿಕೊಂಡು ಹೋಗುತ್ತೇನೆ.

ಮೃಗಶಿರ ಮಳೆ ಹಿಡಿಯುವ ಹೊತ್ತಿಗೆ ಟಾಕಿ ಬರಿದು ಮಾಡುತ್ತೇನೆ. ಕಾರ್ಬುರೇಟರಿನ ಕೊನೆಯ ಹನಿಯನ್ನೂ ಉರಿಸಿ ಮುಗಿಸುತ್ತೇನೆ. ಎರಡೂ ವಾಲ್ವು ಮುಚ್ಚಿರುವಂತೆ ಪಿಸ್ಟನ್ನನ್ನು ನೆತ್ತಿಗೆ ತಂದು, ಪ್ಲಗ್ಗಿನ ತೂತಿನಿಂದ ಎರಡು ಚಮಚ ಎಣ್ಣೆ ಬಿಟ್ಟು, ಸೈಲೆನ್ಸರಿನ ಬಾಯಿಗೆ ಎಣ್ಣೆಬಟ್ಟೆ ತುರುಕಿ, ಟ್ರಾಲಿಗೆ ಏರಿಸಿ ಶೇಡಬಾಳದ ಮಾವನ ಮನೆಯ ಪಡಸಾಲೆಗೆ ಬಿಡುತ್ತೇನೆ. ಅದು ಎತ್ತರದ ಜಾಗ. ಕಳೆದ ಸಲ ಮೂರು ತಿಂಗಳು ಕಳೆದರೂ ತರಲಿಲ್ಲ. ಮಾವ ಎಲೆಯಡಿಕೆ ಡಬ್ಬಿಯನ್ನು ಸೀಟಿನ ಮೇಲಿಡಲು ಶುರು ಮಾಡಿದ್ದರು.

“ಯಾವಾಗ ಒಯ್ತೀರಿ ಅಳಿಯಂದಿರ?”

“ಕೊಯ್ನಾ ಡ್ಯಾಮಿನ ನೀರು ನಿಲ್ಲಲಿ ಮಾವಾರ.”